ಬ್ಲಾಕ್ ಟಿಕೆಟ್: ರೈಲಿಗಿರುವ ಕಾನೂನು ಕ್ರಿಕೆಟ್ಟಿಗೆ, ಸಿನಿಮಾಗೆ ಯಾಕಿಲ್ಲ?

"ಮಾಮ, ಗೇಟ್ ಹತ್ರಾನೇ ನಿಂತಿದೀನಿ. ಒಳಗೆ ಬಿಡ್ತಿಲ್ಲ. ಈ ಟಿಕೆಟಲ್ಲಿ ಆಗಲೇ ಯಾರೋ ಒಳಗೆ ಹೋಗಿದಾರಂತೆ."

ನಮ್ಮಕ್ಕನ ಮಗ ಫೋನ್ ಮಾಡಿದಾಗ ಸಂಜೆ ಏಳು ದಾಟಿತ್ತು. ಅವನ ಮಾತಿನ ಹಿಂದೆ ಸ್ಟೇಡಿಯಂ ಒಳಗಿನ ಕೂಗು ಕೇಳಿಸುತ್ತಿತ್ತು. ಹಾಸನದಲ್ಲಿ ಡಿಪ್ಲೊಮಾ ಓದುವ ಹುಡುಗ. ಗೆಳೆಯನ ಜೊತೆ ಬಸ್ ಹತ್ತಿ ಬೆಂಗಳೂರಿಗೆ ಬಂದಿದ್ದ, ಜೀವನದಲ್ಲಿ ಮೊದಲ ಸಲ ಮೈದಾನದಲ್ಲಿ ಕೂತು ಮ್ಯಾಚ್ ನೋಡುವುದಕ್ಕೆ. ಟಿಕೆಟ್ ಮಾರಾಟ ಶುರುವಾದ ದಿನ ಬೆಳಿಗ್ಗೆಯಿಂದ ಮೊಬೈಲ್ ಹಿಡಿದು ಕೂತಿದ್ದನಂತೆ. ಕ್ಯೂನಲ್ಲಿ ಅವನ ಸರದಿ ಬರುವಷ್ಟರಲ್ಲಿ ಎಲ್ಲ ಖಾಲಿ. ಆಮೇಲೆ ಯಾರೋ ಹೇಳಿದರು ಅಂತ ಟೆಲಿಗ್ರಾಂ ಗ್ರೂಪೊಂದಕ್ಕೆ ಸೇರಿದ. 2,300 ರೂಪಾಯಿಯ ಟಿಕೆಟ್‌ಗೆ 4,500. ಎರಡಕ್ಕೆ ಒಂಬತ್ತು ಸಾವಿರ, ಯುಪಿಐನಲ್ಲಿ. ಬದಲಿಗೆ ಸಿಕ್ಕಿದ್ದು ಕ್ಯೂಆರ್ ಕೋಡಿನ ಎರಡು ಚಿತ್ರ. ಅದೇ ಚಿತ್ರಗಳನ್ನು ಆ ಪುಣ್ಯಾತ್ಮ ಇನ್ನೆಷ್ಟು ಜನಕ್ಕೆ ಮಾರಿದ್ದನೋ.

ಮರುದಿನ ಅವನನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದವರು ಸೌಜನ್ಯವಾಗೇ ಮಾತಾಡಿದರು. "1930ಗೆ ಫೋನ್ ಮಾಡಿ ಕಂಪ್ಲೇಂಟ್ ಕೊಡಿ, ಯುಪಿಐ ನಂಬರ್ ಇಟ್ಕೊಳಿ" ಅಂದರು. ನಾನು ಸುಮ್ಮನಿರಲಾರದೆ ಕೇಳಿದೆ: "ಸಾರ್, ಒಂದ್ವೇಳೆ ಟಿಕೆಟ್ ಅಸಲಿ ಆಗಿದ್ದಿದ್ರೆ? ಎರಡು ಪಟ್ಟು ರೇಟಿಗೆ ಮಾರಿದ್ದು ತಪ್ಪಲ್ವಾ?" ಅವರು ನಕ್ಕರು. "ಅಸಲಿ ಆಗಿದ್ದಿದ್ರೆ ನೀವು ಇಲ್ಲಿಗೆ ಬರ್ತಾನೇ ಇರ್ಲಿಲ್ಲ ಬಿಡಿ ಸಾರ್."

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಅಸಲಿ ಟಿಕೆಟ್ ಸಿಕ್ಕಿದ್ದರೆ ಹುಡುಗ ಖುಷಿಯಾಗಿ ಮ್ಯಾಚ್ ನೋಡಿ, ಸೆಲ್ಫಿ ಹಾಕಿ, ಒಂಬತ್ತು ಸಾವಿರದ ಮಾತನ್ನು ಅಮ್ಮನಿಂದ ಮುಚ್ಚಿಟ್ಟು ಸುಮ್ಮನಾಗುತ್ತಿದ್ದ. ನಕಲಿ ಟಿಕೆಟ್ ಮಾರುವುದು ವಂಚನೆ, ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಜಾಗವಿದೆ. ಅಸಲಿ ಟಿಕೆಟನ್ನು ಸಗಟಾಗಿ ಬಾಚಿಕೊಂಡು ಎರಡು ಪಟ್ಟು, ಹತ್ತು ಪಟ್ಟು ಬೆಲೆಗೆ ಆನ್‌ಲೈನಿನಲ್ಲಿ ಮಾರಿದರೆ? ಅದು ಇಂಥ ಅಪರಾಧ ಎಂದು ನೇರವಾಗಿ ಹೇಳುವ ರಾಷ್ಟ್ರಮಟ್ಟದ ಕಾನೂನು ನಮ್ಮಲ್ಲಿಲ್ಲ. ಮ್ಯಾಚ್ ದಿನ ಮೈದಾನದ ಸುತ್ತಮುತ್ತ ಪೊಲೀಸರು ಕೆಲವರನ್ನು ಹಿಡಿಯುವುದುಂಟು, ಮರುದಿನದ ಸುದ್ದಿಯಲ್ಲಿ ಮೇಜಿನ ಮೇಲೆ ಹರವಿದ ಟಿಕೆಟ್‌ಗಳ ಫೋಟೋ ಬರುವುದೂ ಉಂಟು. ಆದರೆ ಹಾಗೆ ಸಿಕ್ಕಿಬೀಳುವವರು ಬೀದಿಯಲ್ಲಿ ನಿಂತು ಮಾರುವವರು. ವ್ಯಾಪಾರ ಬೀದಿ ಬಿಟ್ಟು ಎಷ್ಟೋ ವರ್ಷವಾಯಿತು.

ಬ್ಲಾಕ್ ಟಿಕೆಟ್ ನಮಗೇನೂ ಹೊಸದಲ್ಲ. ಕೆಂಪೇಗೌಡ ರಸ್ತೆಯಲ್ಲಿ ಥಿಯೇಟರುಗಳು ಸಾಲಾಗಿ ನಿಂತಿದ್ದ ಕಾಲದಲ್ಲಿ ಮೊದಲ ದಿನದ ಮೊದಲ ಶೋಗೆ ಹೋದವರಿಗೆಲ್ಲ ಗೊತ್ತು. ಹೌಸ್‌ಫುಲ್ ಬೋರ್ಡು ಬಿದ್ದ ಮರುಕ್ಷಣ ಕಿವಿಯ ಪಕ್ಕ ಪಿಸುಮಾತು ಶುರುವಾಗುತ್ತಿತ್ತು, "ಬಾಲ್ಕನಿ ಐವತ್ತು, ಬಾಲ್ಕನಿ ಐವತ್ತು". ಅವನ ಜೇಬಿನಲ್ಲಿ ಇದ್ದದ್ದು ಹತ್ತಿಪ್ಪತ್ತು ಟಿಕೆಟ್. ಕೌಂಟರಿನ ಒಳಗಿನವರ ಕೈ ಅದರಲ್ಲಿ ಇರುತ್ತಿತ್ತು ಅಂತ ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಸಿನಿಮಾ ಓಡದಿದ್ದರೆ ಅವನಿಗೂ ನಷ್ಟ. ಇಂಟರ್ವಲ್ ಹೊತ್ತಿಗೆ ಅಸಲಿಗಿಂತ ಕಡಿಮೆ ರೇಟಿಗೆ ಕೊಟ್ಟು ಹೋದವರನ್ನೂ ನೋಡಿದ್ದೇನೆ. ಆ ವ್ಯಾಪಾರವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಅದಕ್ಕೊಂದು ಮಿತಿ ಇತ್ತು: ಒಬ್ಬ ಮನುಷ್ಯ ಒಂದು ಕ್ಯೂನಲ್ಲಿ ಮಾತ್ರ ನಿಲ್ಲಬಲ್ಲ.

ಆನ್‌ಲೈನ್ ಆ ಮಿತಿಯನ್ನು ತೆಗೆದುಹಾಕಿತು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಟಿಕೆಟ್‌ಮಾಸ್ಟರ್ ಮತ್ತು ಅದರ ಮಾತೃಸಂಸ್ಥೆ ಲೈವ್ ನೇಷನ್ ಮೇಲೆ ಹಾಕಿದ ಮೊಕದ್ದಮೆಯಲ್ಲಿ ಒಂದು ಅಂಕಿ ಇದೆ. ಕೇವಲ ಐದು ದಲ್ಲಾಳಿಗಳು 6,345 ಖಾತೆಗಳನ್ನು ಇಟ್ಟುಕೊಂಡು 2,594 ಕಾರ್ಯಕ್ರಮಗಳ 2,46,407 ಟಿಕೆಟ್ ಹಿಡಿದಿಟ್ಟುಕೊಂಡಿದ್ದರು, ಇದು ಕಂಪನಿಗೂ ಗೊತ್ತಿತ್ತು ಎನ್ನುವುದು ಆರೋಪ. ಅದು ಸಾಬೀತಾಗಬೇಕಾದ ಆರೋಪವೇ ಇರಬಹುದು. ಆದರೆ ಐದು ಜನ ಆರು ಸಾವಿರ ಮಂದಿಯಾಗಿ ಕ್ಯೂನಲ್ಲಿ ನಿಲ್ಲುವುದು ಎಂದರೇನು ಎಂದು ಯೋಚಿಸಿ. ಅವರ ಹಿಂದೆ ಹಾಸನದ ಹುಡುಗ ಒಂದೇ ಮೊಬೈಲ್ ಹಿಡಿದು ನಿಂತಿದ್ದಾನೆ.

ಅಂದಹಾಗೆ, ಬಾಟ್ ಬಳಸಿ ಟಿಕೆಟ್ ಬಾಚುವುದನ್ನು ತಡೆಯಲು ಅಮೆರಿಕದಲ್ಲಿ 2016ರಲ್ಲೇ ಕಾನೂನು ಬಂದಿತ್ತು. ಅದರ ಅಡಿ ಮೊದಲ ಕ್ರಮ ಆಗಿದ್ದು 2021ರಲ್ಲಿ. ಕಾನೂನು ಮಾಡಿ ಕಪಾಟಿನಲ್ಲಿಡುವ ಕಲೆ ನಮಗೊಬ್ಬರಿಗೇ ಸಿದ್ಧಿಸಿದ್ದಲ್ಲ.

ಕೋಲ್ಡ್‌ಪ್ಲೇ ಗಲಾಟೆ, ಆಮೇಲೆ ಮೌನ

ನಮ್ಮ ದೇಶದಲ್ಲಿ ಈ ವಿಷಯ ದೊಡ್ಡದಾಗಿ ಚರ್ಚೆಗೆ ಬಂದದ್ದು 2024ರ ಸೆಪ್ಟೆಂಬರಿನಲ್ಲಿ. ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡ 2025ರ ಜನವರಿಯಲ್ಲಿ ನವಿ ಮುಂಬೈನಲ್ಲಿ ಕಾರ್ಯಕ್ರಮ ಕೊಡುವುದಿತ್ತು. ಬುಕ್‌ಮೈಶೋನಲ್ಲಿ ಟಿಕೆಟ್ ಬೆಲೆ 2,500ರಿಂದ 35,000 ರೂಪಾಯಿ. ಲಕ್ಷಾಂತರ ಜನ ಒಟ್ಟಿಗೆ ಮುಗಿಬಿದ್ದರು, ಟಿಕೆಟ್ ಮಾಯವಾಯಿತು. ವಯಾಗೊಗೊದಂಥ ಮರುಮಾರಾಟದ ತಾಣಗಳಲ್ಲಿ ಅವೇ ಟಿಕೆಟ್ ಎಂದು ಹೇಳಿಕೊಂಡು ಲಕ್ಷಗಳ ಲೆಕ್ಕದಲ್ಲಿ ಬೆಲೆ ಕಾಣಿಸಿಕೊಂಡಿತು. ಬುಕ್‌ಮೈಶೋ ತನಗೂ ಅವಕ್ಕೂ ಸಂಬಂಧವಿಲ್ಲ ಎಂದು ಪೊಲೀಸರಿಗೆ ದೂರು ಕೊಟ್ಟಿತು. ಮುಂಬೈ ಪೊಲೀಸರು ಬುಕ್‌ಮೈಶೋ ಮುಖ್ಯಸ್ಥರಿಗೇ ಸಮನ್ಸ್ ಕಳಿಸಿದರು. ಅಕ್ಟೋಬರಿನಲ್ಲಿ ಜಾರಿ ನಿರ್ದೇಶನಾಲಯ, ಕೋಲ್ಡ್‌ಪ್ಲೇ ಮತ್ತು ದಿಲ್ಜಿತ್ ದೋಸಾಂಜ್ ಕಾರ್ಯಕ್ರಮಗಳ ಟಿಕೆಟ್ ದಂಧೆಯ ಬೆನ್ನುಹತ್ತಿ ದೆಹಲಿ, ಮುಂಬೈ, ಜೈಪುರ, ಚಂಡೀಗಢದ ಜೊತೆಗೆ ನಮ್ಮ ಬೆಂಗಳೂರಿನಲ್ಲೂ ಶೋಧ ನಡೆಸಿತು.

ಹಣ ಅಕ್ರಮ ವರ್ಗಾವಣೆ ತಡೆಯುವ ಕಾಯ್ದೆಯನ್ನು ಸಂಗೀತ ಕಾರ್ಯಕ್ರಮದ ಟಿಕೆಟ್‌ಗೆ ಬಳಸಬೇಕಾಗಿ ಬಂತು ಅನ್ನುವುದೇ ವಿಚಿತ್ರ. ಕೈಯಲ್ಲಿ ಸೂಜಿ ಇಲ್ಲದವರು ಕೊಡಲಿ ಎತ್ತಿದ ಹಾಗೆ.

ಬಾಂಬೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ಬಿತ್ತು, ಇಂಥ ಮಾರಾಟಕ್ಕೆ ನಿಯಮ ರೂಪಿಸಲು ನಿರ್ದೇಶನ ಕೊಡಿ ಎಂದು. 2025ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಗಳ ಪೀಠ ಅರ್ಜಿಯನ್ನು ವಜಾ ಮಾಡಿತು. ಕಾನೂನು ಮಾಡಬೇಕಾದದ್ದು ಶಾಸಕಾಂಗ, ಕ್ರಮ ಕೈಗೊಳ್ಳಬೇಕಾದದ್ದು ಕಾರ್ಯಾಂಗ, ನಾವಲ್ಲ ಎನ್ನುವುದು ಅದರ ಸಾರ. ಕೋರ್ಟು ಹೇಳಿದ್ದರಲ್ಲಿ ತಪ್ಪು ಹುಡುಕಲಾರೆ. ಕಾರ್ಯಕ್ರಮ ನಡೆಯಿತು, ಎಲ್ಲರೂ ವಿಡಿಯೋ ಹಾಕಿದರು, ವಿಷಯ ಅಲ್ಲಿಗೇ ತಣ್ಣಗಾಯಿತು.

ಅದೇ ಜನವರಿ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ ಇನ್ನೊಂದು ತೀರ್ಪು ಬಂತು. ಅದನ್ನು ಯಾರೂ ಇದರ ಪಕ್ಕದಲ್ಲಿಟ್ಟು ಓದಿದಂತಿಲ್ಲ. ಅದು ರೈಲು ಟಿಕೆಟ್ ಕುರಿತದ್ದು.

ರೈಲಿನವರು ಮಾಡಿದ್ದೇನು

1989ರ ರೈಲ್ವೆ ಕಾಯ್ದೆಯಲ್ಲಿ 143ನೇ ಸೆಕ್ಷನ್ ಅಂತ ಒಂದಿದೆ. ರೈಲ್ವೆಯ ನೌಕರನೋ ಅಧಿಕೃತ ಏಜೆಂಟನೋ ಅಲ್ಲದವನು ರೈಲು ಟಿಕೆಟ್ ತೆಗೆದು ಒದಗಿಸುವುದನ್ನೇ ವ್ಯಾಪಾರ ಮಾಡಿಕೊಂಡರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಕಾಯ್ದೆ ಬಂದಾಗ ಇಂಟರ್ನೆಟ್ ಇರಲಿಲ್ಲ, ಆದ್ದರಿಂದ ಇ-ಟಿಕೆಟ್‌ಗೆ ಇದು ಅನ್ವಯಿಸುವುದಿಲ್ಲ ಎಂಬ ವಾದ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಬ್ಬ ವ್ಯಕ್ತಿ ನೂರಾರು ಐಡಿ ಸೃಷ್ಟಿಸಿಕೊಂಡು ಟಿಕೆಟ್ ತೆಗೆದು ಮಾರುತ್ತಿದ್ದ ಎನ್ನುವುದು ಆರೋಪ. ಕೋರ್ಟು ಆ ವಾದ ಒಪ್ಪಲಿಲ್ಲ. ಕೌಂಟರಿನ ಟಿಕೆಟ್ ಆಗಲಿ, ಕಂಪ್ಯೂಟರಿನ ಟಿಕೆಟ್ ಆಗಲಿ, ಅನಧಿಕೃತ ವ್ಯಾಪಾರ ಅಪರಾಧವೇ ಎಂದಿತು.

ಟೆಲಿಗ್ರಾಂ ಗ್ರೂಪಿನಲ್ಲಿ ಮ್ಯಾಚ್ ಟಿಕೆಟ್ ಮಾರುವವನು ಮಾಡುವುದೂ ಅದೇ ಕೆಲಸ ಅಲ್ಲವೇ? ಒಂದಕ್ಕೆ ಮೂರು ವರ್ಷ, ಇನ್ನೊಂದಕ್ಕೆ ಒಂದು ನಗು.

ಆದರೆ ನನಗೆ 143ನೇ ಸೆಕ್ಷನ್ನಿಗಿಂತ ಮುಖ್ಯ ಅನಿಸುವುದು ರೈಲಿನವರ ಉಳಿದ ಏರ್ಪಾಡು. ರಿಸರ್ವೇಶನ್ ಟಿಕೆಟ್ ಮೇಲೆ ಹೆಸರಿರುತ್ತದೆ. ಹೋಗಲಾಗದಿದ್ದರೆ ಕ್ಯಾನ್ಸಲ್ ಮಾಡಬಹುದು, ನಿಯಮದ ಪ್ರಕಾರ ಒಂದಿಷ್ಟು ಹಿಡಿದುಕೊಂಡು ಉಳಿದದ್ದು ವಾಪಸ್ ಕೊಡುತ್ತಾರೆ. ಆ ಸೀಟು ಯಾರಿಗೆ ಹೋಗುತ್ತದೆ? ವೇಟಿಂಗ್ ಲಿಸ್ಟಿನಲ್ಲಿ ಮೊದಲಿರುವವನಿಗೆ, ಅಸಲಿ ಬೆಲೆಗೆ. ಮನೆಯವರಿಗೇ ಕೊಡಬೇಕಾದರೆ ರೈಲು ಹೊರಡುವ 24 ಗಂಟೆ ಮುಂಚೆ ಅರ್ಜಿ ಕೊಟ್ಟು ಹೆಸರು ಬದಲಿಸಬಹುದು. ಅಂದರೆ ಪ್ರಯಾಣ ರದ್ದಾದ ಬಡಪಾಯಿ ಕಳ್ಳನಾಗಬೇಕಿಲ್ಲ, ದಲ್ಲಾಳಿಯ ಹತ್ತಿರ ಹೋಗಬೇಕೂ ಇಲ್ಲ. ಹಳ್ಳಿಯ ಅಜ್ಜಿಗೂ ಅರ್ಥವಾಗುವ ಈ ವೇಟಿಂಗ್ ಲಿಸ್ಟನ್ನೇ ಹೊರದೇಶಗಳಲ್ಲಿ ಈಗ ಮುಖಬೆಲೆ ವಿನಿಮಯ ಅಂತ ದೊಡ್ಡ ಹೆಸರಿಟ್ಟು ಸಂಗೀತ ಕಾರ್ಯಕ್ರಮಗಳಿಗೆ ತರುತ್ತಿದ್ದಾರೆ.

ರೈಲಿನ ದಲ್ಲಾಳಿಗಳು ಮಾಯವಾಗಿದ್ದಾರೆಯೇ? ಖಂಡಿತ ಇಲ್ಲ. ತತ್ಕಾಲ್ ಟಿಕೆಟ್‌ಗಾಗಿ ಹತ್ತು ಗಂಟೆಗೆ ಕಾದು ಕೂತವರಿಗೆ ಅದು ಗೊತ್ತೇ ಇದೆ. 2.5 ಕೋಟಿಗೂ ಹೆಚ್ಚು ಅನುಮಾನಾಸ್ಪದ ಬಳಕೆದಾರ ಖಾತೆಗಳನ್ನು ನಿಷ್ಕ್ರಿಯ ಮಾಡಿದ್ದಾಗಿ ಸರ್ಕಾರವೇ ಹೇಳಿದೆ. ಇಷ್ಟು ಖಾತೆ ಹುಟ್ಟುವ ತನಕ ಏನು ಮಾಡುತ್ತಿದ್ದರು ಎಂದು ಕೇಳಬೇಕು. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯವಾಯಿತು. ಮ್ಯಾಚ್ ನೋಡುವುದಕ್ಕೂ ಆಧಾರ್ ಕೊಡಬೇಕು ಅಂದರೆ ನಾನು ಒಪ್ಪುವುದಿಲ್ಲ. ಖಾಸಗಿ ಕಂಪನಿಗಳ ಕೈಗೆ ಇನ್ನೊಂದಿಷ್ಟು ನಮ್ಮ ಮಾಹಿತಿ ಸುರಿಯುವುದಕ್ಕೆ ಇದೊಂದು ನೆಪ ಆಗಬಾರದು. ಹೆಸರು, ಮೊಬೈಲ್ ನಂಬರ್, ಯಾವುದಾದರೂ ಒಂದು ಗುರುತಿನ ಚೀಟಿ ಸಾಕು.

200 ರೂಪಾಯಿಯ ಕಥೆ

ಕರ್ನಾಟಕ ಸರ್ಕಾರ ಟಿಕೆಟ್ ವಿಷಯದಲ್ಲಿ ಏನೂ ಮಾಡಿಲ್ಲ ಅನ್ನುವಂತಿಲ್ಲ. ಮಾಡಿದೆ. ಆದರೆ ಕೈ ಹಾಕಿದ್ದು ಬೇರೆ ಕಡೆ. 2025ರ ಸೆಪ್ಟೆಂಬರ್ 12ರಂದು ಸಿನಿಮಾ ನಿಯಮಗಳಿಗೆ ತಿದ್ದುಪಡಿ ತಂದು ರಾಜ್ಯದ ಎಲ್ಲ ಚಿತ್ರಮಂದಿರಗಳಲ್ಲಿ, ಮಲ್ಟಿಪ್ಲೆಕ್ಸ್‌ಗಳಲ್ಲಿ ಟಿಕೆಟ್ ಬೆಲೆಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ. ಮಲ್ಟಿಪ್ಲೆಕ್ಸ್‌ನವರು ಕೋರ್ಟಿಗೆ ಹೋದರು. ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅದಾಗಿ ಹತ್ತೇ ದಿನದೊಳಗೆ, ಅಕ್ಟೋಬರ್ 2ರಂದು 'ಕಾಂತಾರ: ಚಾಪ್ಟರ್ 1' ಬಿಡುಗಡೆಯಾಯಿತು. ಬೆಂಗಳೂರಿನ ಕೆಲವು ಪರದೆಗಳಲ್ಲಿ ಟಿಕೆಟ್ ಬೆಲೆ ಸಾವಿರ ದಾಟಿತು.

2017ರಲ್ಲೂ ಸಿದ್ದರಾಮಯ್ಯನವರ ಸರ್ಕಾರವೇ 200ರ ಮಿತಿ ತರಲು ಹೋಗಿ ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಎಂಟು ವರ್ಷದ ನಂತರ ಅದೇ ಬಾಗಿಲಿಗೆ ಅದೇ ತಲೆ.

ನಾನು 200ರ ಮಿತಿಯ ವಿರೋಧಿಯಲ್ಲ. ನಾಲ್ಕು ಜನರ ಸಂಸಾರ ಒಂದು ಸಿನಿಮಾಗೆ ಎರಡು ಸಾವಿರ ಸುರಿಯಬೇಕಾದ ಊರಿನಲ್ಲಿ ಅಂಥದ್ದೊಂದು ನಿಯಮ ಬೇಕು ಅನ್ನುವವರ ಪೈಕಿ ನಾನೂ ಒಬ್ಬ. ಆದರೆ ನನ್ನ ಪಕ್ಷದವರು ತಪ್ಪಿಸಿಕೊಂಡು ಓಡಾಡುವ ಪ್ರಶ್ನೆಯೊಂದಿದೆ. ಸಾವಿರ ಕೊಟ್ಟು ನೋಡಲು ಜನ ತಯಾರಿರುವ ಸಿನಿಮಾದ ಟಿಕೆಟನ್ನು 200ಕ್ಕೆ ಮಾರು ಅಂದರೆ, ಉಳಿದ ಎಂಟುನೂರು ಎಲ್ಲಿಗೆ ಹೋಗುತ್ತದೆ? ಪ್ರೇಕ್ಷಕನ ಜೇಬಿನಲ್ಲೇ ಉಳಿಯಲಿ ಎನ್ನುವುದು ಸರ್ಕಾರದ ಆಸೆ. ಆದರೆ ನಡುವೆ ದಲ್ಲಾಳಿ ನಿಂತಿದ್ದರೆ ಅದು ಅವನ ಜೇಬಿಗೆ ಹೋಗುತ್ತದೆ. ಬಾಲ್ಕನಿ ಟಿಕೆಟ್ ಐವತ್ತಕ್ಕೆ ಕೊಂಡ ನಮ್ಮ ತಲೆಮಾರಿಗೆ ಇದನ್ನು ಅರ್ಥಶಾಸ್ತ್ರಜ್ಞರು ಬಂದು ಹೇಳಿಕೊಡಬೇಕಿಲ್ಲ. ಮೊದಲ ಮಾರಾಟದ ಬೆಲೆ ತಗ್ಗಿಸುವ ಯಾವುದೇ ನಿಯಮ, ಎರಡನೇ ಮಾರಾಟವನ್ನು ಕಟ್ಟಿಹಾಕದಿದ್ದರೆ, ಬ್ಲಾಕ್‌ನವರಿಗೆ ಸಬ್ಸಿಡಿ ಕೊಟ್ಟಂತೆ.

ಇನ್ನೂ ಒಂದು ಮಾತಿದೆ. ಬೆಲೆ ಮಿತಿಗೆ ಕೋರ್ಟಿನಲ್ಲಿ ಎದುರಾಗುವುದು ಮಾಲೀಕರ ವ್ಯಾಪಾರದ ಹಕ್ಕು. ನಮ್ಮ ಬಂಡವಾಳ, ನಮ್ಮ ಪರದೆ, ನಮ್ಮ ಬೆಲೆ ಅನ್ನುತ್ತಾರೆ. ಮರುಮಾರಾಟದ ನಿಯಮಕ್ಕೆ ಈ ತೊಡಕು ಅಷ್ಟಾಗಿ ಇರಲಾರದು. ನಿರ್ಮಾಪಕ, ಚಿತ್ರಮಂದಿರ, ಕ್ರಿಕೆಟ್ ಸಂಸ್ಥೆ ಇಟ್ಟ ಬೆಲೆಯನ್ನು ಅದು ಮುಟ್ಟುವುದೇ ಇಲ್ಲ, ನೀವು ಇಟ್ಟ ಬೆಲೆಗೇ ಕೊನೆಯವರೆಗೂ ಹೋಗಲಿ ಅನ್ನುತ್ತದೆ ಅಷ್ಟೆ. ದಲ್ಲಾಳಿಗೆ ಹೋಗುವ ದುಡ್ಡಿನಲ್ಲಿ ಒಂದು ಪೈಸೆಯೂ ಬಂಡವಾಳ ಹಾಕಿದವನಿಗೆ ಬರುವುದಿಲ್ಲವಲ್ಲ. 200ರ ವಿಷಯದಲ್ಲಿ ಸರ್ಕಾರದ ಎದುರು ನಿಂತವರು ಇಲ್ಲಿ ಸರ್ಕಾರದ ಪಕ್ಕದಲ್ಲಿ ನಿಲ್ಲಬಹುದಾದ ವಿಷಯ ಇದು.

ಬ್ರಿಟನ್, ಐರ್ಲೆಂಡ್, ಜಪಾನ್

ಬ್ರಿಟನ್ ಸರ್ಕಾರ 2025ರ ನವೆಂಬರಿನಲ್ಲಿ ಘೋಷಿಸಿತು: ಟಿಕೆಟನ್ನು ಕೊಂಡ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವುದು ಇನ್ನು ಕಾನೂನುಬಾಹಿರವಾಗಲಿದೆ. ಅದೇ ವರ್ಷದ ಆರಂಭದಲ್ಲಿ ಶೇ. 30ರವರೆಗೆ ಲಾಭ ಬಿಡೋಣವೇ ಎಂದು ಜನಾಭಿಪ್ರಾಯ ಕೇಳಿತ್ತು. ಕೊನೆಗೆ ಶೂನ್ಯಕ್ಕೆ ಬಂದು ನಿಂತಿತು. ತಾಣಗಳು ವಿಧಿಸುವ ಸೇವಾಶುಲ್ಕಕ್ಕೂ ಮಿತಿ. ಯಾಕೆಂದರೆ ಬೆಲೆಗೆ ಬೇಲಿ ಹಾಕಿದರೆ ಶುಲ್ಕದ ಕಿಂಡಿಯಲ್ಲಿ ನುಗ್ಗುತ್ತಾರೆ. ಮುರಿದ ಕಂಪನಿಗೆ ಜಾಗತಿಕ ವಹಿವಾಟಿನ ಶೇ. 10ರವರೆಗೆ ದಂಡ. ಅಭಿಮಾನಿಗಳಿಗೆ ವರ್ಷಕ್ಕೆ ಸುಮಾರು 11.2 ಕೋಟಿ ಪೌಂಡ್ ಉಳಿಯುತ್ತದೆ ಎಂದು ಅಲ್ಲಿನ ಸರ್ಕಾರದ ಅಂದಾಜು.

ಐರ್ಲೆಂಡ್ 2021ರಲ್ಲೇ ಇದನ್ನು ಮಾಡಿಯಾಗಿದೆ. 1,000 ಅಥವಾ ಹೆಚ್ಚು ಜನ ಹಿಡಿಸುವ ಜಾಗಗಳಲ್ಲಿ, ಗೊತ್ತುಪಡಿಸಿದ ಕಾರ್ಯಕ್ರಮಗಳ ಟಿಕೆಟನ್ನು ಮುಖಬೆಲೆಗಿಂತ ಹೆಚ್ಚಿಗೆ ಮಾರಿದರೆ ಒಂದು ಲಕ್ಷ ಯೂರೋವರೆಗೆ ದಂಡ, ಎರಡು ವರ್ಷದವರೆಗೆ ಜೈಲು. ಸೇವಾಸಂಸ್ಥೆಗಳಿಗೆ, ಹವ್ಯಾಸಿ ಕ್ರೀಡಾ ಸಂಘಗಳಿಗೆ ನಿಧಿ ಸಂಗ್ರಹಕ್ಕೆಂದು ವಿನಾಯಿತಿ ಇದೆ.

ನನಗೆ ಹೆಚ್ಚು ಹಿಡಿಸಿದ್ದು ಜಪಾನಿನ 2019ರ ಕಾನೂನು. ಅದು ಎಲ್ಲ ಟಿಕೆಟ್‌ಗಳಿಗೂ ಅನ್ವಯಿಸುವುದಿಲ್ಲ. ಸಂಘಟಕರು ಮಾರುವಾಗಲೇ ಕೊಂಡವರ ಹೆಸರು, ಸಂಪರ್ಕ ದಾಖಲಿಸಿ, ಅನುಮತಿಯಿಲ್ಲದ ಮರುಮಾರಾಟ ನಿಷಿದ್ಧ ಎಂದು ಟಿಕೆಟ್ ಮೇಲೇ ನಮೂದಿಸಿದ್ದರೆ ಮಾತ್ರ ಕಾನೂನಿನ ರಕ್ಷಣೆ. ನಿನ್ನ ಕೆಲಸ ನೀನು ಮಾಡು, ಆಮೇಲೆ ಪೊಲೀಸರನ್ನು ಕರಿ ಅಂದ ಹಾಗೆ. ಶಿಕ್ಷೆ ಕೂಡ ಮಾರುವುದನ್ನೇ ವ್ಯಾಪಾರ ಮಾಡಿಕೊಂಡವರಿಗೆ: ಒಂದು ವರ್ಷದವರೆಗೆ ಜೈಲು ಅಥವಾ ಹತ್ತು ಲಕ್ಷ ಯೆನ್‌ವರೆಗೆ ದಂಡ. ಜ್ವರ ಬಂದು ಹೋಗಲಾಗದೆ ಗೆಳತಿಗೆ ಟಿಕೆಟ್ ದಾಟಿಸಿದವಳು ಅದರ ಗುರಿಯಲ್ಲ.

ಉಲ್ಟಾ ದಾರಿ ಹಿಡಿದವರೂ ಇದ್ದಾರೆ. ನ್ಯೂಯಾರ್ಕ್ ರಾಜ್ಯದಲ್ಲಿ ಟಿಕೆಟನ್ನು ಬೇರೆಯವರಿಗೆ ವರ್ಗಾಯಿಸುವ ಹಕ್ಕನ್ನು ಕಾನೂನೇ ಕಾಪಾಡುತ್ತದೆ. 2023ರಲ್ಲಿ 'ದಿ ಕ್ಯೂರ್' ತಂಡದವರು ಅಗ್ಗದ ಟಿಕೆಟ್ ಇಟ್ಟು, ಬ್ಲಾಕ್ ತಡೆಯಲು ವರ್ಗಾವಣೆ ನಿಷೇಧಿಸಿದಾಗ ನ್ಯೂಯಾರ್ಕಿನಂಥ ಕೆಲವು ರಾಜ್ಯಗಳಲ್ಲಿ ಅದು ನಡೆಯಲಿಲ್ಲ. ಅಲ್ಲಿನ ವಾದ ಇಷ್ಟೆ: ದುಡ್ಡು ಕೊಟ್ಟು ಕೊಂಡಿದ್ದೇನೆ, ನನ್ನ ಆಸ್ತಿ, ಯಾರಿಗೆ ಎಷ್ಟಕ್ಕೆ ಬೇಕಾದರೂ ಮಾರುತ್ತೇನೆ. ಯಾರಿಗೆ ಹೆಚ್ಚು ಬೇಕೋ ಅವರು ಹೆಚ್ಚು ಕೊಡುತ್ತಾರೆ.

ಕೇಳಲು ಸರಿ ಅನಿಸುತ್ತದೆ. ಆದರೆ 'ಯಾರಿಗೆ ಹೆಚ್ಚು ಬೇಕೋ' ಅನ್ನುವುದನ್ನು ಅಳೆಯುವ ಸೇರು ದುಡ್ಡೊಂದೇ ಆದಾಗ, ಕಂಪನಿ ಖರ್ಚಿನಲ್ಲಿ ಬರುವವನಿಗೆ ಯಾವಾಗಲೂ ಹೆಚ್ಚು ಬೇಕಿರುತ್ತದೆ, ಹಾಸನದಿಂದ ಬಸ್ಸಿನಲ್ಲಿ ಬರುವವನಿಗೆ ಯಾವಾಗಲೂ ಕಡಿಮೆ. ಟಿಕೆಟ್ ಟೊಮೆಟೊ ಅಲ್ಲ. ಬೆಲೆ ಏರಿತು ಅಂತ ಮುಂದಿನ ಬೆಳೆಯಲ್ಲಿ ಹೆಚ್ಚು ಸೀಟು ಬೆಳೆಯಲಾಗುವುದಿಲ್ಲ.

ಎಷ್ಟು ಟಿಕೆಟ್ ಮಾರಾಟಕ್ಕಿತ್ತು?

ಇಷ್ಟೆಲ್ಲ ಹೇಳಿದ ಮೇಲೂ, ಮರುಮಾರಾಟಕ್ಕೆ ಶಿಕ್ಷೆ ಇಟ್ಟುಬಿಟ್ಟರೆ ಸಾಕು ಅಂತ ನನಗೆ ಅನಿಸುವುದಿಲ್ಲ. ಮೂಲ ಇನ್ನೂ ಒಳಗಿದೆ. ನ್ಯೂಯಾರ್ಕಿನ ಅಟಾರ್ನಿ ಜನರಲ್ ಕಚೇರಿ 2016ರಲ್ಲಿ ಒಂದು ವರದಿ ಹೊರತಂದಿತ್ತು. ಬೇಡಿಕೆಯ ಸಂಗೀತ ಕಾರ್ಯಕ್ರಮಗಳಲ್ಲಿ ಸಾಮಾನ್ಯ ಜನರಿಗೆಂದು ಮಾರಾಟಕ್ಕೆ ಇಡುತ್ತಿದ್ದದ್ದು ಸರಾಸರಿ ಶೇ. 46ರಷ್ಟು ಟಿಕೆಟ್ ಮಾತ್ರ. ಉಳಿದದ್ದು ಕಲಾವಿದರಿಗೆ, ಪ್ರಾಯೋಜಕರಿಗೆ, ಒಳಗಿನವರಿಗೆ, ಕ್ರೆಡಿಟ್ ಕಾರ್ಡ್‌ನವರ ಮುಂಗಡ ಮಾರಾಟಕ್ಕೆ. ಹೊರಗಿನವರು ಇದ್ದ ಅರ್ಧಕ್ಕಿಂತ ಕಡಿಮೆ ಪಾಲಿಗೆ ಹೊಡೆದಾಡಬೇಕು.

ನಮ್ಮಲ್ಲಿ ಈ ಲೆಕ್ಕ ತೆಗೆದವರೇ ಇಲ್ಲ. 2023ರ ಏಕದಿನ ವಿಶ್ವಕಪ್ ನೆನಪಿದೆಯಾ? ಆಗಸ್ಟ್ ಕೊನೆಯಲ್ಲಿ ಮಾರಾಟ ಶುರುವಾಗಿ ಕ್ಷಣದಲ್ಲಿ 'ಸೋಲ್ಡ್ ಔಟ್' ಬಂತು. ಜನ ಸಿಟ್ಟಿಗೆದ್ದ ಮೇಲೆ ಸೆಪ್ಟೆಂಬರಿನಲ್ಲಿ ಬಿಸಿಸಿಐ ಇನ್ನೂ ಸುಮಾರು 4 ಲಕ್ಷ ಟಿಕೆಟ್ ಬಿಡುಗಡೆ ಮಾಡುವುದಾಗಿ ಹೇಳಿತು. ಮುಗಿದುಹೋಗಿದೆ ಅಂದಿದ್ದ ಅಂಗಡಿಯಲ್ಲಿ ನಾಲ್ಕು ಲಕ್ಷ ಎಲ್ಲಿಂದ ಬಂತು? ಮೊದಲ ದಿನ ಎಷ್ಟು ಇಟ್ಟಿದ್ದಿರಿ? ಕೇಳುವ ಅಧಿಕಾರ ಯಾವ ಇಲಾಖೆಗೂ ಇರಲಿಲ್ಲ.

ಬೆಂಗಳೂರಿನಲ್ಲಿ ದೊಡ್ಡ ಮ್ಯಾಚ್ ಅಂದರೆ 'ಪಾಸ್' ಎಂಬ ಇನ್ನೊಂದು ಲೋಕವೇ ತೆರೆದುಕೊಳ್ಳುತ್ತದೆ. ಯಾವ ಇಲಾಖೆಗೆ ಎಷ್ಟು, ಯಾವ ಜನಪ್ರತಿನಿಧಿಗೆ ಎಷ್ಟು, ಯಾರ ಪಿಎ ಕೈಯಲ್ಲಿ ಎಷ್ಟು. ಕಾನೂನು ಬರೆಯಬೇಕಾದ ಕೈಗಳೇ ಪಾಸಿಗಾಗಿ ಚಾಚಿರುತ್ತವೆ ಅಂದರೆ ಕಹಿ ಅನಿಸಬಹುದು. ಆದರೆ ಈ ಕಾನೂನು ಇಲ್ಲಿತನಕ ಯಾಕೆ ಬರಲಿಲ್ಲ ಅನ್ನುವುದಕ್ಕೆ ನನಗೆ ಸಿಗುವ ಸರಳ ಉತ್ತರ ಇದೇ. ಟಿಕೆಟ್‌ಗಾಗಿ ಕ್ಯೂ ನಿಲ್ಲದವರಿಗೆ ಕ್ಯೂನ ಕಷ್ಟ ಗೊತ್ತಾಗುವುದು ಹೇಗೆ?

ಸಂವಿಧಾನದ ಅಡ್ಡಿ ಇದೆಯೇ ಎಂದರೆ ಇಲ್ಲ. ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 33ನೇ ನಮೂದು ರಂಗಮಂದಿರ, ಸಿನಿಮಾ, ಕ್ರೀಡೆ, ಮನರಂಜನೆಗಳದ್ದು. ದೆಹಲಿಯ ಕಡೆ ಮುಖ ಮಾಡಿ ಕಾಯಬೇಕಿಲ್ಲ, ವಿಧಾನಸೌಧದಲ್ಲೇ ಆಗುವ ಕೆಲಸ. 2017ರಲ್ಲಿ ಜಿಎಸ್‌ಟಿ ಬರುವ ತನಕ ಮನರಂಜನಾ ತೆರಿಗೆ ಇತ್ತು, ಎಷ್ಟು ಟಿಕೆಟ್ ಹರಿದರು ಎಂದು ಎಣಿಸಲು ತೆರಿಗೆಯವರು ಬರುತ್ತಿದ್ದರು. ತೆರಿಗೆಯ ಜೊತೆ ಆ ಎಣಿಕೆಯೂ ಹೋಯಿತು. ಎಣಿಸಲು ಸಾಧ್ಯವಿಲ್ಲ ಎನ್ನುವಂತಿಲ್ಲ. 200ರ ಪ್ರಕರಣದಲ್ಲೇ ಹೈಕೋರ್ಟಿನ ವಿಭಾಗೀಯ ಪೀಠ, ಮುಂದೆ ಸರ್ಕಾರ ಗೆದ್ದರೆ ಪ್ರೇಕ್ಷಕರಿಗೆ ಹಣ ವಾಪಸ್ ಕೊಡಲು ಅನುಕೂಲವಾಗುವಂತೆ ಮಲ್ಟಿಪ್ಲೆಕ್ಸ್‌ಗಳು ಮಾರಿದ ಟಿಕೆಟ್‌ಗಳ ಲೆಕ್ಕ ಇಡಬೇಕು ಎಂದು ಮಧ್ಯಂತರ ಆದೇಶ ಕೊಟ್ಟಿತ್ತು. ಕಂಪ್ಯೂಟರಿನಲ್ಲಿ ಲೆಕ್ಕ ಇದ್ದೇ ಇದೆ. ತೋರಿಸು ಅನ್ನುವವರು ಬೇಕು.

ಹಾಗಾಗಿ ನಾನು ಕೇಳುವುದು ದೊಡ್ಡ ಕಾಯ್ದೆಯನ್ನಲ್ಲ. ಐದು ಸಾವಿರಕ್ಕಿಂತ ಹೆಚ್ಚು ಜನ ಸೇರುವ ಯಾವುದೇ ಟಿಕೆಟ್ ಕಾರ್ಯಕ್ರಮಕ್ಕೆ ಅನುಮತಿ ಕೊಡುವಾಗಲೇ, ಒಟ್ಟು ಸೀಟೆಷ್ಟು, ಪಾಸ್ ಎಷ್ಟು, ಪ್ರಾಯೋಜಕರಿಗೆಷ್ಟು, ಸಾರ್ವಜನಿಕರಿಗೆಷ್ಟು ಎಂದು ಮಾರಾಟಕ್ಕೆ ಮುಂಚೆ ಬಹಿರಂಗಪಡಿಸುವ ಷರತ್ತು. ಬೇಡವಾದ ಟಿಕೆಟನ್ನು ಕೊಂಡ ಬೆಲೆಗೆ ಹಿಂದಿರುಗಿಸುವ, ಅದು ವೇಟಿಂಗ್ ಲಿಸ್ಟಿನವರಿಗೆ ಹೋಗುವ ವ್ಯವಸ್ಥೆಯನ್ನು ಟಿಕೆಟ್ ಕಂಪನಿಯೇ ನಡೆಸಬೇಕು. ಇವೆರಡನ್ನೂ ಮಾಡಿದ ಮೇಲೆ ಹೆಚ್ಚಿನ ಬೆಲೆಗೆ ಮಾರುವುದನ್ನು ಕಸುಬು ಮಾಡಿಕೊಂಡವನಿಗೆ ರೈಲಿನಂಥದೇ ಶಿಕ್ಷೆ. ಮೊದಲೆರಡು ಇಲ್ಲದೆ ಮೂರನೆಯದನ್ನಷ್ಟೇ ತಂದರೆ ಸಿಕ್ಕಿಬೀಳುವವರು ಯಾರು ಅನ್ನುವುದು ನಮಗೆಲ್ಲ ಗೊತ್ತು. ಗೇಟಿನ ಬಳಿ ನಾಲ್ಕು ಟಿಕೆಟ್ ಹಿಡಿದು ನಿಂತ ಹುಡುಗ.

ಒಂದು ಆತಂಕವನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕಲಾರೆ. ಹೆಸರು ನೋಡಿ ಒಳಗೆ ಬಿಡಬೇಕು ಅಂದರೆ ಗೇಟಿನಲ್ಲಿ ಹೊತ್ತು ಹಿಡಿಯುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಮೈದಾನದ ಗೇಟುಗಳ ಬಳಿ 11 ಜನ ಪ್ರಾಣ ಬಿಟ್ಟ ಊರು ಇದು. ಅಂದು ಮಾರಿದ ಟಿಕೆಟ್ ಇರಲಿಲ್ಲ, ಇದ್ದದ್ದು ಗೊಂದಲ. ಆದರೂ ಗೇಟಿನಲ್ಲಿ ನೂಕುನುಗ್ಗಲು ಎಂದರೇನು ಎಂದು ಈ ಊರಿಗೆ ಹೇಳಿಕೊಡಬೇಕಿಲ್ಲ. ಪ್ರತಿಯೊಬ್ಬರನ್ನೂ ತಡೆದು ಗುರುತಿನ ಚೀಟಿ ಕೇಳುವ ಬದಲು, ಕೊಂಡವನ ಮೊಬೈಲಿನಲ್ಲಿ ಮಾತ್ರ ಮೂಡುವ, ಕ್ಷಣಕ್ಷಣಕ್ಕೆ ಬದಲಾಗುವ ಕೋಡ್ ಈಗ ಹಲವು ಕಡೆ ಬಳಕೆಯಲ್ಲಿದೆ. ಸ್ಕ್ರೀನ್‌ಶಾಟ್ ಅಲ್ಲಿ ನಡೆಯುವುದಿಲ್ಲ. ನಮ್ಮ ಹುಡುಗ ಮೋಸಹೋಗಿದ್ದು ಸ್ಕ್ರೀನ್‌ಶಾಟಿಗೆ.

ಅಷ್ಟೇ ಅಲ್ಲ, ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವುದು 1994ರಿಂದಲೇ ಅಪರಾಧ. ಅದನ್ನು ಗ್ರಾಹಕರ ಜೇಬಿನ ಚಿಂತೆಯಿಂದ ಮಾಡಿದ್ದಲ್ಲ. ಎರಡು ತಂಡಗಳ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸಬೇಕು, ಯಾರು ಎಲ್ಲಿ ಕೂತಿದ್ದಾರೆ ಗೊತ್ತಿರಬೇಕು ಎಂಬ ಸುರಕ್ಷತೆಯ ಕಾರಣಕ್ಕೆ ಮಾಡಿದ್ದು. ಜೂನ್ 4ರ ನಂತರ ನಮ್ಮ ಸರ್ಕಾರವೂ ಜನಸಂದಣಿ ನಿಯಂತ್ರಣಕ್ಕೆಂದು ಮಸೂದೆ ತಂದಿತು. ಟಿಕೆಟ್‌ನ ಲೆಕ್ಕ ಕೇಳುವ ಎರಡು ಸಾಲನ್ನು ಅದರಲ್ಲೇ ಸೇರಿಸಬಹುದು. ಒಳಗೆ ಎಷ್ಟು ಜನ, ಹೊರಗೆ ಎಷ್ಟು ಜನ ಅನ್ನುವುದು ಮೊದಲು ಗೊತ್ತಾಗುವುದೇ ಟಿಕೆಟ್‌ನಿಂದ.

1930ಕ್ಕೆ ಕೊಟ್ಟ ದೂರಿನ ಕಥೆ ಹೇಳಿಬಿಡುತ್ತೇನೆ. ದುಡ್ಡು ಹೋದ ಖಾತೆಯನ್ನು ತಡೆಹಿಡಿದಿದ್ದಾರಂತೆ. ಅದರಲ್ಲಿ ಉಳಿದಿದ್ದದ್ದು 412 ರೂಪಾಯಿ. ಟೆಲಿಗ್ರಾಂ ಗ್ರೂಪು ಹೆಸರು ಬದಲಿಸಿಕೊಂಡು ಹಾಗೇ ಇದೆ. ಹುಡುಗ ಅದರಿಂದ ಹೊರಗೆ ಬಂದಿಲ್ಲ. "ಯಾಕೋ?" ಅಂದರೆ, "ಮುಂದಿನ ಸಲ ಬೇರೆ ಎಲ್ಲಿ ಸಿಗತ್ತೆ ಮಾಮ, ನೀವೇ ಹೇಳಿ" ಅಂದ.